ಹೆಬ್ಬೆರಳುದ್ದದ ಗೊಂಬೆಗಳು

ನನ್ನ ನೋಟದ ನಟ್ಟನಡುವೆ ಒಂದು ಮಸುಕು ಕೂತಿದೆ. ಎದುರಿಗೆ ನಿಂತ ಮನುಷ್ಯನ ಕಿವಿ ಕಾಣುತ್ತದೆ, ಹೆಗಲ ಮೇಲಿನ ಟವೆಲ್ಲು ಕಾಣುತ್ತದೆ, ಹಿಂದಿನ ಗೋಡೆಯ ಕ್ಯಾಲೆಂಡರ್ ಕಾಣುತ್ತದೆ. ಮುಖ ಮಾತ್ರ ಇಲ್ಲ. ಮುಖ ಬೇಕೆಂದರೆ ಅವನ ಪಕ್ಕದ ಕಂಬವನ್ನು ನೋಡಬೇಕು. ಆಗ ಮುಖ ಓರೆಯಿಂದ ಸ್ವಲ್ಪ ಒಳಗೆ ಬರುತ್ತದೆ. ಆಸೆಪಟ್ಟು ಅತ್ತ ತಿರುಗಿದರೆ ಮತ್ತೆ ಮಾಯ. ಕಡೂರು ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಪರಿಚಯದವರು ಮಾತಾಡಿಸಿದಾಗ ನಾನು ಹೀಗೆ ಕಂಬ ನೋಡುತ್ತಲೇ ಉತ್ತರ ಕೊಡುತ್ತೇನೆ. ರಿಟೈರ್ ಆದಮೇಲೆ ಇವನಿಗೆ ಕೊಬ್ಬು ಬಂದಿದೆ ಎಂದು ಒಬ್ಬರು ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ವಿವರಿಸಲು ಹೋಗಲಿಲ್ಲ. ಅಯ್ಯೋ ಪಾಪ ಎನ್ನಿಸಿಕೊಳ್ಳುವುದಕ್ಕಿಂತ ಕೊಬ್ಬು ಎನ್ನಿಸಿಕೊಳ್ಳುವುದು ನನಗೆ ಒಗ್ಗುತ್ತದೆ.

ನಾನು ಸರ್ವೆ ಕಚೇರಿಯಲ್ಲಿ ನಕ್ಷೆ ಬಿಡಿಸುತ್ತಿದ್ದವನು. ಹೊಲದ ಹದ್ದು, ಬಾವಿ, ಕಾಲುದಾರಿ, ಬಂಡಿಜಾಡು ಎಲ್ಲವನ್ನೂ ಕೂದಲೆಳೆಯಷ್ಟು ಸಣ್ಣ ಗೆರೆಯಲ್ಲಿ ಎಳೆಯಬೇಕಿತ್ತು. ಒಂದು ಗೆರೆ ದಪ್ಪವಾದರೆ ಇಬ್ಬರು ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ ಎಂದು ನಮ್ಮ ಮೇಲಿನವರು ಹೇಳುತ್ತಿದ್ದರು. ನನ್ನ ಕೈ ನಡುಗಿದ್ದು ಯಾರೂ ನೋಡಿರಲಿಲ್ಲ. ಆಮೇಲೆ ಕಂಪ್ಯೂಟರ್ ಬಂತು. ಗೆರೆಗಳನ್ನು ಅದೇ ಎಳೆಯತೊಡಗಿತು, ನನ್ನನ್ನು ಕಾಗದ ಜೋಡಿಸುವ ಕೆಲಸಕ್ಕೆ ಕೂರಿಸಿದರು. ಸುಮ್ಮನಿರಲಾರದ ಕೈಗೆ ಆಗ ಸಿಕ್ಕಿದ್ದು ಗೊಂಬೆ.

ತರೀಕೆರೆಯಲ್ಲಿರುವ ನನ್ನ ಅಕ್ಕ ಪ್ರತಿ ದಸರಾಕ್ಕೆ ಗೊಂಬೆ ಕೂರಿಸುತ್ತಾಳೆ. ಗೊಂಬೆ ಕೂರಿಸುವ ಮನೆಗೆ ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ಬರಲೇಬೇಕೆಂಬುದು ನಮ್ಮ ಕಡೆಯ ಪದ್ಧತಿ. ಒಂದು ವರ್ಷ ಅವಳು ಅಂಗಡಿಯಿಂದ ತಂದ ಹೂವಾಡಗಿತ್ತಿಗೆ ಮೀಸೆ ಇದ್ದಂತೆ ಕಾಣುತ್ತಿತ್ತು. ಇದಕ್ಕಿಂತ ನಾನೇ ಚೆನ್ನಾಗಿ ಬರೆಯುತ್ತೇನೆ ಎಂದೆ. ಅಕ್ಕ ಬಿಡುತ್ತಾಳೆಯೇ, ಬರಿ ನೋಡಾಣ ಎಂದು ಗಂಟುಬಿದ್ದಳು. ಅಲ್ಲಿಂದ ಶುರು.

ಮಣ್ಣಿನ ಗೊಂಬೆಗಳನ್ನು ಮಾಡಿಕೊಡುತ್ತಿದ್ದವಳು ಅಜ್ಜಂಪುರದ ಒಬ್ಬ ಕುಂಬಾರಗಿತ್ತಿ. ನನಗಿಂತ ಸ್ವಲ್ಪ ಹಿರಿಯಳು, ಬಾಯಿ ಜೋರು. ಕಡೂರಿನಲ್ಲಿ ಬೆಳಗಿನ ರೈಲು ಹತ್ತಿದರೆ ಅವಳ ಮನೆಯಲ್ಲಿ ಕಾಫಿ ಕುಡಿದು ಮಧ್ಯಾಹ್ನಕ್ಕೆ ವಾಪಸ್ಸಾಗಬಹುದಿತ್ತು. ದೇವರ ಗೊಂಬೆ ಬೇಡ, ಮನುಷ್ಯರನ್ನು ಮಾಡು, ಹೆಬ್ಬೆರಳಿಗಿಂತ ಎತ್ತರ ಬೇಡ ಎಂದು ನಾನು ಹೇಳಿದಾಗ ಅವಳಿಗೆ ನಗು ಬಂತು. ಆದರೂ ಮಾಡಿದಳು. ಬಸ್ ಕಂಡಕ್ಟರ್, ಯಗಟಿ ಕಡೆಯ ಕಂಬಳಿ ಹೊದ್ದ ಕುರಿಯವನು, ಕಾಯಿ ಸುಲಿಯುವವನು, ಅವಳೂರಿನ ಕಾವಲಿನಲ್ಲಿ ಮೇಯುವಂಥ ಉದ್ದ ಕೊಂಬಿನ ಎತ್ತುಗಳು. ಆ ಕೊಂಬುಗಳನ್ನು ಅವಳು ತೆಂಗಿನಗರಿಯ ಕಡ್ಡಿಯ ಮೇಲೆ ಮಣ್ಣು ಮೆತ್ತಿ ಮಾಡುತ್ತಿದ್ದಳು. ಸುಟ್ಟಾಗ ಕಡ್ಡಿ ಬೂದಿಯಾಗಿ ಕೊಂಬು ಮಾತ್ರ ಉಳಿಯುತ್ತಿತ್ತು.

ಬಣ್ಣ ಹಚ್ಚುವುದು ನನ್ನ ಪಾಲು. ಮೈಬಣ್ಣ, ಬಟ್ಟೆಗಳಿಗೆ ಎನಾಮಲ್ ಪೇಂಟು. ಅದು ಒಣಗಿ ಗಟ್ಟಿಯಾದ ಮೇಲೆ ಸಣ್ಣ ಕೆಲಸಕ್ಕೆ ಪೋಸ್ಟರ್ ಬಣ್ಣ. ಎಲ್ಲಕ್ಕಿಂತ ಕೊನೆಗೆ ಕಣ್ಣು. ಎಳ್ಳು ಕಾಳಿಗಿಂತ ಸಣ್ಣ ಎರಡು ಚುಕ್ಕೆ, ಅದರ ಮೇಲೊಂದು ಕೊಂಕು ಗೆರೆ. ಉಸಿರು ಬಿಗಿಹಿಡಿದು ಬರೆಯಬೇಕು. ಅಲ್ಲಿಯವರೆಗೆ ಮಣ್ಣಾಗಿದ್ದದ್ದು ಆ ಗಳಿಗೆಯಲ್ಲಿ ಯಾರೋ ಒಬ್ಬರಾಗುತ್ತಿತ್ತು. ಆ ಸುಖ ನನಗೆ ಇನ್ಯಾವುದರಲ್ಲೂ ಸಿಕ್ಕಿಲ್ಲ, ಮದುವೆ ಮಕ್ಕಳು ಸೇರಿದಂತೆ. ಹೀಗೆ ಹೇಳಿದರೆ ಹೆಂಡತಿಗೆ ಬೇಸರವಾಗಬಹುದು, ಆದರೆ ಅವಳಿಗೆ ಇದು ಹೊಸ ಸುದ್ದಿಯೇನಲ್ಲ.

ಮಸುಕು ಬಂದದ್ದು ನಿವೃತ್ತಿಯ ನಂತರ. ಕನ್ನಡಕ ಬದಲಾಯಿಸಿದರೆ ಸರಿಹೋಗುತ್ತದೆ ಎಂದುಕೊಂಡು ಶಿವಮೊಗ್ಗದ ಕಣ್ಣಾಸ್ಪತ್ರೆಗೆ ಹೋದೆವು. ನನ್ನ ಗಲ್ಲವನ್ನು ಮಿಷನ್ನಿನ ಮೇಲೆ ಇರಿಸಿ, ಬೆಳಕು ಬಿಟ್ಟು, ಸ್ಕ್ಯಾನ್ ತೆಗೆದು, ಕೊನೆಗೆ ಡಾಕ್ಟರು ಕಣ್ಣಿನ ಹಿಂದಿನ ಪರದೆ ನಡುವೆ ಸವೆದಿದೆ ಎಂದರು. ಪೊರೆಯಾಗಿದ್ದರೆ ತೆಗೆಯಬಹುದಿತ್ತಂತೆ, ಇದನ್ನು ತೆಗೆಯಲು ಆಗುವುದಿಲ್ಲವಂತೆ. ಪೂರ್ತಿ ಕತ್ತಲಾಗುವುದಿಲ್ಲ, ಸುತ್ತಲಿನದು ಉಳಿಯುತ್ತದೆ, ಓದು ಬರಹ ಮತ್ತು ಸಣ್ಣ ಕೆಲಸ ಇನ್ನು ಕಷ್ಟ ಎಂದು ನಿಧಾನವಾಗಿ, ಒಳ್ಳೆಯ ಮಾತಿನಲ್ಲೇ ಹೇಳಿದರು. ನಾನು ಸರಿ ಎಂದೆ. ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆ. ಹೆಂಡತಿ ಏನನ್ನೂ ಮುಟ್ಟಲಿಲ್ಲ. ಅವಳ ದೋಸೆಯನ್ನೂ ನಾನೇ ತಿಂದೆ. ರುಚಿಯಾಗಿತ್ತು ಎಂಬುದು ನೆನಪಿದೆ, ಬೇರೇನೂ ಅನ್ನಿಸಲಿಲ್ಲ.

ಆಮೇಲಿನ ದಿನಗಳೂ ಹಾಗೆಯೇ. ನೆಂಟರು ಬಂದು ಮರುಗಿದರು, ಹೋದರು. ಹೆಂಡತಿ ಕಣ್ಣಿಗೆ ಒಳ್ಳೆಯದೆಂದು ಹೊನಗೊನ್ನೆ ಸೊಪ್ಪು ಹುಡುಕಿ ತಂದು ದಿನ ಬಿಟ್ಟು ದಿನ ಬಸ್ಸಾರು ಮಾಡಿದಳು. ನಾನು ಉಂಡೆ. ಊಟವಾದ ಮೇಲೆ ಏನು ಉಂಡೆನೆಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ದವಡೆಗೆ ಸೂಜಿ ಚುಚ್ಚುತ್ತಾರಲ್ಲ, ನನಗೆ ಒಟ್ಟು ಮೈಗೇ ಅದನ್ನು ಚುಚ್ಚಿದಂತಿತ್ತು. ದುಃಖವಾದರೆ ಅತ್ತು ಮುಗಿಸಬಹುದು. ಇದು ದುಃಖವೂ ಅಲ್ಲ.

ಬರೆಯುವುದನ್ನು ಮಾತ್ರ ಬಿಡಲಿಲ್ಲ. ಹಟಕ್ಕೆ ಬಿದ್ದು ಹೊಸ ದಾರಿ ಕಂಡುಕೊಂಡೆ. ಗೊಂಬೆಯನ್ನು ಸೀಸೆಯ ಮುಚ್ಚಳದ ಮೇಲೆ ಮೇಣದಿಂದ ನಿಲ್ಲಿಸಿ, ಎರಡೂ ಮಣಿಕಟ್ಟನ್ನು ಹಲಗೆಯ ಅಂಚಿಗೆ ಊರಿ, ಗೊಂಬೆಯನ್ನು ನೋಡದೆ ಅದರ ಪಕ್ಕದ ಸೀಸೆಯನ್ನು ನೋಡುವುದು. ಓರೆಯಲ್ಲಿ ಸೀರೆಯ ಅಂಚು, ಪೇಟದ ಸುತ್ತು ಅಷ್ಟಿಷ್ಟು ಕಾಣುತ್ತಿತ್ತು. ಭೂತಗನ್ನಡಿ ಹಿಡಿದರೆ ಮಸುಕೂ ಜೊತೆಗೆ ದೊಡ್ಡದಾಗುತ್ತಿತ್ತು, ಅದನ್ನು ಎಸೆದೆ. ಗೊಂಬೆಯ ಕಣ್ಣು ಬರೆಯಲು ಬೆರಳೇ ಗತಿ. ಎಡಗೈ ಉಗುರಿನಿಂದ ಮೂಗನ್ನು ಹುಡುಕಿ, ಅಲ್ಲಿಂದ ಆ ಕಡೆಗೊಂದು, ಈ ಕಡೆಗೊಂದು ಚುಕ್ಕೆ ಇಡುತ್ತಿದ್ದೆ. ನಕ್ಷೆ ಬಿಡಿಸಿದ ಕೈ, ಅಳತೆ ತಪ್ಪುವುದಿಲ್ಲ ಎಂಬ ಧೈರ್ಯ.

ಬಣ್ಣದ ಸೀಸೆಗಳ ಹೆಸರು ಓದಲಾಗದ ಕಾರಣ ಅವುಗಳ ಜಾಗವೇ ಅವುಗಳ ಹೆಸರಾಗಿತ್ತು. ಕಪ್ಪು ಬಲತುದಿಗೆ, ಅದರ ಪಕ್ಕ ಬಿಳಿ, ಆಮೇಲೆ ಕೆಂಪು. ಒಮ್ಮೆ ಹೆಂಡತಿ ಧೂಳು ಒರೆಸಲೆಂದು ಸೀಸೆಗಳನ್ನು ಎತ್ತಿ ಮತ್ತೆ ಇಟ್ಟಿದ್ದಳು. ಒಂದು ಅತ್ತಿತ್ತಾಗಿ ಕುರಿಯವನ ಕಂಬಳಿ ಹಸಿರಾಯಿತು. ನಾನು ಕೂಗಾಡಿದ್ದು ಬೀದಿಗೆ ಕೇಳಿಸಿರಬೇಕು. ಕೋಪ ಮೊದಲಿಂದಲೂ ನನ್ನ ಮೂಗಿನ ತುದಿಯಲ್ಲೇ ಇದೆ; ಕಣ್ಣು ಹೋದಮೇಲೆ ಅದಕ್ಕೆ ಇನ್ನಷ್ಟು ಜಾಗ ಸಿಕ್ಕಿತು. ಅಂದಿನಿಂದ ಅವಳು ಆ ಹಲಗೆಯ ಹತ್ತಿರ ಪೊರಕೆಯನ್ನೂ ತರಲಿಲ್ಲ.

ಆ ವರ್ಷದ ದಸರಾಕ್ಕೆ ಅಕ್ಕನ ಮನೆಗೆ ಗೊಂಬೆ ನೋಡಲು ಬಂದ ಹೆಂಗಸರು ಮುಖಗಳನ್ನು ಹೊಗಳಿದರು. ಮೊದಲಿಗಿಂತ ಕಳೆ ಬಂದಿದೆ ಎಂದರು. ಹೊಸ ಗೊಂಬೆಗಳ ಕಣ್ಣು ಹಳೆಯವುಗಳಿಗಿಂತ ದೊಡ್ಡದಾಗಿದೆ, ನೋಡಿದರೆ ಮಾತಾಡಿಸುವಂತಿದೆ ಎಂದು ಒಬ್ಬಾಕೆ ಹೇಳಿದಳು. ಗೋಡೆಗೆ ಒರಗಿ ಕೂತಿದ್ದ ನನಗೆ ಕೋಡು ಮೂಡಿತು. ಎಷ್ಟೋ ತಿಂಗಳ ನಂತರ ಏನೋ ಒಂದು ಅನ್ನಿಸಿದ್ದು ಅದೇ ಮೊದಲು. ಶಿವಮೊಗ್ಗದ ಡಾಕ್ಟರಿಗೆ ಏನೂ ಗೊತ್ತಿಲ್ಲ ಎಂದು ತೀರ್ಮಾನಿಸಿದೆ. ಮನೆಯಲ್ಲಿ ಮಾತು ಕಡಿಮೆಯಾಗಿತ್ತು, ಪೇಪರ್ ಓದುವುದು ನಿಂತಿತ್ತು, ಒಬ್ಬನೇ ಹತ್ತಿರದ ದೇವನೂರಿನವರೆಗೂ ಹೋಗಲು ಧೈರ್ಯವಿರಲಿಲ್ಲ. ಉಳಿದದ್ದು ಈ ಮುಖಗಳು. ಇವು ಇರುವ ತನಕ ನಾನು ಇದ್ದೇನೆ ಎಂದು ಲೆಕ್ಕ ಹಾಕಿಕೊಂಡೆ.

ಮರುವರ್ಷ ಒಂದು ಇಡೀ ದಿಬ್ಬಣ ಬರೆಯಲು ಕೂತೆ. ಮದುಮಗಳು, ಮದುಮಗ, ಕಳಸ ಹಿಡಿದ ಹೆಂಗಸರು, ವಾಲಗದವರು, ಗಾಡಿ ಎಳೆಯುವ ಜೋಡೆತ್ತು. ಮದುಮಗಳು ಮುಗಿದ ಮರುದಿನ ಅವಳನ್ನು ಕುಂಬಾರಗಿತ್ತಿಗೆ ತೋರಿಸಬೇಕೆನ್ನಿಸಿತು. ವಾಲಗದವರನ್ನೂ ತರಬೇಕಿತ್ತು. ಹೆಂಡತಿ ತಾನೂ ಬರುತ್ತೇನೆಂದಳು, ಬೇಡವೆಂದೆ. ಗೊಂಬೆಯನ್ನು ಹತ್ತಿಯಲ್ಲಿ ಸುತ್ತಿಕೊಡುತ್ತೇನೆಂದಳು, ಅದಕ್ಕೂ ಬೇಡವೆಂದೆ. ಅವಳು ಯಾಕೆ ಅಷ್ಟು ಒತ್ತಾಯ ಮಾಡಿದಳೆಂದು ಆಗ ಯೋಚಿಸಲಿಲ್ಲ. ಪಕ್ಕದ ಮನೆಯವರು ರೈಲು ಹತ್ತಿಸಿದರು. ಮಳೆ ಬಿಡುವು ಕೊಟ್ಟ ದಿನಗಳ ಸುಡುಬಿಸಿಲು. ಗೊಂಬೆಯನ್ನು ದಾರಿಯುದ್ದಕ್ಕೂ ಅಂಗೈಯಲ್ಲೇ ಹಿಡಿದಿದ್ದೆ, ಆಗಾಗ ಅದೇ ಕೈಯಿಂದ ಮುಖದ ಬೆವರು ಒರೆಸಿಕೊಂಡೆ.

ಅಜ್ಜಂಪುರದಲ್ಲಿ ಕುಂಬಾರಗಿತ್ತಿ ನನ್ನನ್ನು ಕಂಡದ್ದೇ ನಕ್ಕಳು.

"ಏನ್ ಯಜಮಾನ್ರೆ, ಈ ವಯಸ್ನಾಗೆ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಕಳಿಸವ್ರೆ?"

ಬೆವರಿಗೆ ಗೊಂಬೆಯ ಬಣ್ಣ ಬಿಟ್ಟಿರಬೇಕು ಎಂದೆ. ಅವಳು ತಂಬಿಗೆಯಲ್ಲಿ ನೀರು ಕೊಟ್ಟಳು. ಪೋಸ್ಟರ್ ಬಣ್ಣ ನೀರು ಸೋಕಿದರೆ ಸಾಕು, ಹೋಗುತ್ತದೆ. ಇದು ಹೋಗಲಿಲ್ಲ. ತಿಕ್ಕಿದಷ್ಟೂ ಜಿಡ್ಡಾಗಿ ಹರಡಿತು. ಮದುಮಗಳ ಒಂದು ಕಣ್ಣು ಕಿವಿಯವರೆಗೂ ಎಳೆದುಕೊಂಡು ಹೋಗಿದೆ ಎಂದು ಅವಳು ಹೇಳಿದಳು. ನಾನು ಹೆಬ್ಬೆರಳನ್ನು ಮೂಗಿನ ಹತ್ತಿರ ತಂದೆ. ಹರಳೆಣ್ಣೆ, ತುಪ್ಪ, ಹಿಂದೆಯೇ ಪಚ್ಚಕರ್ಪೂರ. ನನ್ನ ಮನೆಯಲ್ಲಿ ವರ್ಷಕ್ಕೊಮ್ಮೆ ಹುಟ್ಟುವ ವಾಸನೆ ಅದು. ಹೊನಗೊನ್ನೆ ರಸದಲ್ಲಿ ಅದ್ದಿ ಒಣಗಿಸಿದ ಬಟ್ಟೆಯನ್ನು ಬತ್ತಿ ಮಾಡಿ, ಹರಳೆಣ್ಣೆಯಲ್ಲಿ ಉರಿಸಿ, ಮೇಲೆ ಬೋರಲು ಹಾಕಿದ ತಟ್ಟೆಯ ಮಸಿ ಕೆರೆದು, ತುಪ್ಪ ಪಚ್ಚಕರ್ಪೂರ ಕಲಸಿ ನನ್ನ ಹೆಂಡತಿ ಕಾಡಿಗೆ ಮಾಡುತ್ತಾಳೆ. ನೆಂಟರಲ್ಲಿ ಎಲ್ಲಿ ಮಗು ಹುಟ್ಟಿದರೂ ಇವಳ ಕಾಡಿಗೆಯೇ ಹೋಗಬೇಕು.

ಕಾಫಿ ಕುಡಿದೆ. ವಾಲಗದವರನ್ನು ಕಟ್ಟಿಸಿಕೊಂಡೆ. ರೈಲಿನಲ್ಲಿ ಯಾರೋ ಕಿಟಕಿ ಪಕ್ಕ ಜಾಗ ಬಿಟ್ಟುಕೊಟ್ಟರು. ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ಅದೊಂದಾದರೂ ಬಂದಿದ್ದರೆ ಒಳ್ಳೆಯದಿತ್ತು.

ಆದರೂ ಸರ್ವೆಯವನ ಬುದ್ಧಿ, ಅಳೆದೇ ನಂಬುವುದು. ಡೋಲಿನವನಿಗೆ ಬಣ್ಣ ಹಚ್ಚಿ, ಕಣ್ಣು ಬರೆಯದೆ ಹಲಗೆಯ ಮೇಲೆ ಬಿಟ್ಟೆ. ಮಧ್ಯಾಹ್ನ ಊಟ ಮುಗಿಸಿ ನಡುಮನೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದೆ. ಸ್ವಲ್ಪ ಹೊತ್ತಿಗೆ ಅವಳು ಬಂದಳು. ಬಳೆಗಳನ್ನು ಮೊಣಕೈ ಕಡೆಗೆ ಏರಿಸಿಕೊಳ್ಳುವ ಸದ್ದಾಯಿತು, ಕಾಡಿಗೆ ಡಬ್ಬಿಯ ಮುಚ್ಚಳ ಬಿಚ್ಚಿತು. ಆಮೇಲೆ ಏನೂ ಕೇಳಿಸಲಿಲ್ಲ, ಅವಳ ಉಸಿರು ಕೂಡ. ಬಹಳ ಹೊತ್ತಾದ ಮೇಲೆ ಅವಳು ಒಮ್ಮೆಲೇ ಉಸಿರು ಬಿಟ್ಟಳು. ಅವಳು ಹಿತ್ತಲಿಗೆ ಹೋದಮೇಲೆ ಎದ್ದು ಡೋಲಿನವನ ಮುಖದ ಮೇಲೆ ಬೆರಳಾಡಿಸಿದೆ. ಬೆರಳಿಗೆ ಜಿಡ್ಡು ಹತ್ತಿತು.

ಮರುದಿನ ಮುದ್ದೆ ಮುರಿಯುತ್ತ ಮಾತು ತೆಗೆದೆ.

"ಕಾಡಿಗೆ ಒಣಗಲ್ಲ ಕಣೇ. ಕೈಗೆ ಮೆತ್ತತ್ತೆ."

ಅವಳು ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟದ್ದು ಕೇಳಿಸಿತು. ಇಲ್ಲ ಎನ್ನಲಿಲ್ಲ, ಯಾವ ಕಾಡಿಗೆ ಎಂದೂ ಕೇಳಲಿಲ್ಲ.

"ಬಣ್ಣದ ಸೀಸೆ ಮುಟ್ಟಿದ್ರೆ ನಿಮಗೆ ಗೊತ್ತಾಗ್ಬಿಡ್ತಿತ್ತು," ಎಂದಳು.

ಒಂದೊಂದಾಗಿ ಕೇಳಿ ತಿಳಿದುಕೊಂಡೆ. ನಾನು ಕುಂಚ ತೊಳೆಯಲು ಹೋದಾಗ ಅವಳು ನನ್ನ ಚುಕ್ಕೆಗಳನ್ನು ಒದ್ದೆ ಹತ್ತಿಯಿಂದ ಒರೆಸುತ್ತಿದ್ದಳು. ಅವು ಹಣೆಯ ಮೇಲೋ ಕೆನ್ನೆಯ ಮೇಲೋ ಇರುತ್ತಿದ್ದವಂತೆ, ಒಮ್ಮೆ ಎರಡೂ ಒಂದೇ ಕಡೆಗೆ ಇದ್ದವಂತೆ. ಆಮೇಲೆ ಊದುಬತ್ತಿಯ ಕಡ್ಡಿಯ ತುದಿಯಿಂದ ಕಾಡಿಗೆ ಇಡುತ್ತಿದ್ದಳು. ಪ್ರತಿ ದಸರಾಕ್ಕೆ ಅಕ್ಕನಿಗೆ ನೆರವಾಗುತ್ತೇನೆಂದು ಒಂದು ದಿನ ಮುಂಚೆಯೇ ತರೀಕೆರೆಗೆ ಹೋಗುತ್ತಿದ್ದಳಲ್ಲ, ಅದು ಅಳಿಸಿಹೋದ ಕಣ್ಣುಗಳನ್ನು ಮತ್ತೆ ತಿದ್ದಲು. ನಾನು ಹರಟೆಗೆ ಹೋಗುತ್ತಾಳೆಂದು ಗೊಣಗುತ್ತಿದ್ದೆ. ಯಾವಾಗಿನಿಂದ ಎಂದು ಕೇಳಿದೆ. ಆಸ್ಪತ್ರೆಗೆ ಹೋಗುವ ಮುಂಚಿನಿಂದ ಎಂದಳು. ನನ್ನ ಕಣ್ಣು ಹೋಗುತ್ತಿದೆಯೆಂದು ನನಗಿಂತ ಮೊದಲು, ಡಾಕ್ಟರಿಗಿಂತ ಮೊದಲು ಅವಳಿಗೆ ಗೊತ್ತಾಗಿತ್ತು.

"ಹಂಗಾದ್ರೆ ಪೂರ್ತಿ ನಾನೇ ಬರ್ದಿದ್ದು ಕಡೇ ಗೊಂಬೆ ಯಾವ್ದು?"

"ನೆನಪಿಲ್ಲ," ಎಂದಳು. ಯಾವ ನೆಂಟರ ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರೆಂದು ಇವತ್ತಿಗೂ ಹೇಳುವವಳು ಅವಳು. ಕೈ ತೊಳೆದು ಎದ್ದೆ.

ದಿಬ್ಬಣವನ್ನು ಮುಗಿಸಿದೆವು. ನಾನು ಬಟ್ಟೆ ಬರೆಯುತ್ತಿದ್ದೆ, ಕಣ್ಣಿನ ಜಾಗ ಹಾಗೇ ಬಿಡುತ್ತಿದ್ದೆ. ಕಪ್ಪು ಬಣ್ಣವನ್ನೇ ತೊಗೋ ಎಂದರೂ ಅವಳು ಕಾಡಿಗೆಯನ್ನೇ ಹಿಡಿದಳು, ಕೈಗೆ ಪಳಗಿದೆ ಎಂದಳು. ನನಗೆ ಕೃತಜ್ಞತೆ ಇರಬೇಕಿತ್ತು, ಅವಮಾನವಾದರೂ ಆಗಬೇಕಿತ್ತು. ಎರಡೂ ಇರಲಿಲ್ಲ. ಸೀರೆಯ ಅಂಚಿಗೆ ಹಳದಿ ಹಚ್ಚುತ್ತಿದ್ದೆ, ಅಷ್ಟೇ.

ತರೀಕೆರೆಯಲ್ಲಿ ಅಕ್ಕ ದಿಬ್ಬಣಕ್ಕೆಂದೇ ಒಂದು ಮೆಟ್ಟಿಲು ಬಿಟ್ಟಿದ್ದಳು. ಸಂಜೆ ಅರಿಶಿನ ಕುಂಕುಮಕ್ಕೆ ಬೀದಿಯ ಹೆಂಗಸರು ಬಂದರು. ಒಬ್ಬ ಹಿರಿಯಾಕೆ ಗೊಂಬೆಗಳ ಮುಂದೆ ಬಹಳ ಹೊತ್ತು ನಿಂತರು. ಇಂಥ ಕಣ್ಣು ಇಟ್ಟುಕೊಂಡು ಇಂಥ ಕಣ್ಣು ಬರೆಯುವುದೆಂದರೆ ಸಾಮಾನ್ಯವಲ್ಲ, ದೇವರು ಇವರ ಕೈಯಲ್ಲೇ ಕಣ್ಣಿಟ್ಟಿದ್ದಾನೆ ಎಂದರು. ಉಳಿದವರೆಲ್ಲ ಹೌದೌದು ಎಂದರು. ನನಗೆ ಮೈ ಪರಚಿಕೊಳ್ಳುವಂತಾಯಿತು.

"ಕಣ್ಣು ಬರ್ದಿರೋದು ನಾನಲ್ಲ," ಎಂದೆ. "ಇವಳು. ಮೂರು ದಸರೆಯಿಂದ ಇವಳೇ ಬರೀತವ್ಳೆ. ನನಗೆ ಬರೆಯೋಕಾಗಲ್ಲ."

ಆ ಹಿರಿಯಾಕೆ ಏನೋ ಒಳ್ಳೆಯ ಮಾತಾಡಲು ಹೋಗಿ ನಿಲ್ಲಿಸಿದರು. ಅಕ್ಕ ಮಾತ್ರ ಆಶ್ಚರ್ಯಪಡಲಿಲ್ಲ. ಅವಳಿಗೆ ಗೊತ್ತಿತ್ತು, ಗೊತ್ತಿರದೆ ಹೇಗೆ, ಅವಳ ಮನೆಯಲ್ಲೇ ತಿದ್ದುತ್ತಿದ್ದದ್ದು. ಅವಳು ನನ್ನ ಹತ್ತಿರ ಬಂದು, "ಯಾಕೋ ಹಿಂಗ್ ಮಾಡ್ದೆ," ಎಂದು ಮೆಲ್ಲಗೆ ಹೇಳಿ ಬಂದವರಿಗೆ ಹಂಚುವ ಚರುಪಿನ ತಟ್ಟೆ ಹಿಡಿದು ಮುಂದೆ ಹೋದಳು. ಹೆಂಡತಿ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಕಡೂರಿನ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ನಿಜ ಹೇಳಿದ್ದಕ್ಕೆ ಅವಳಿಗೆ ಸಂತೋಷವಾಗಿರಬಹುದು, ನಾಚಿಕೆಯಿಂದ ಸುಮ್ಮನಿದ್ದಾಳೆ ಎಂದು ನಾನು ಅಂದುಕೊಂಡಿದ್ದೆ. ಹೆಂಡತಿಯ ಪಾಲಿನ ಹೊಗಳಿಕೆ ಹೆಂಡತಿಗೆ ಕೊಟ್ಟವನು ಎಂದು ಒಳಗೊಳಗೇ ಬೆನ್ನು ತಟ್ಟಿಕೊಂಡೂ ಇದ್ದೆ. ಊರು ದಾಟಿದ ಮೇಲೆ ಅವಳು ಬಾಯಿ ಬಿಟ್ಟಳು. ಇಷ್ಟು ವರ್ಷದಲ್ಲಿ ಅವಳು ನನ್ನ ಮೇಲೆ ದನಿ ಎತ್ತಿದವಳಲ್ಲ. ಆಗಲೂ ಎತ್ತಲಿಲ್ಲ.

"ಯಾರ್ ಕೇಳಿದ್ರು ನಿಮ್ಮನ್ನ? ನಾನು ಕೇಳಿದ್ನಾ? ಆ ಮಣ್ಣಿಗೆ ಕಣ್ಣಿದ್ರೆ ನನಗೇನು, ಬಿಟ್ರೆ ನನಗೇನು."

ನಾನು ಏನೋ ಹೇಳಲು ಹೋದೆ. ಅವಳು ಬಿಡಲಿಲ್ಲ.

"ಬೆಳಗೆದ್ದು ಮುಖ ತೊಳ್ಕಂಡು ಆ ಹಲಗೆ ಮುಂದೆ ಕೂರ್ತಿದ್ರಿ. ಅಷ್ಟಿದ್ರೆ ಸಾಕಾಗಿತ್ತು ನನಗೆ. ನಾಳೆ ಎದ್ದು ಏನ್ ಮಾಡ್ತೀರಿ? ಹೇಳಿ."

ಬಟ್ಟೆ ಬರೆಯುತ್ತೇನೆ, ಎತ್ತುಗಳಿಗೆ ಬಣ್ಣ ಹಚ್ಚುತ್ತೇನೆ ಎನ್ನಬಹುದಿತ್ತು. ಆದರೆ ಮುಖ ಬರುವುದಿಲ್ಲವೆಂದು ನನ್ನ ಬಾಯಿಂದಲೇ ಎಲ್ಲರೆದುರು ಆಡಿದ ಮೇಲೆ ಆ ಹಲಗೆಯ ಮುಂದೆ ನಾನು ಕೂರಲಾರೆನೆಂದು ಆ ಬಸ್ಸಿನಲ್ಲಿ ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಅವಳಿಗೆ ಅದು ಅಡುಗೆಮನೆಯಲ್ಲೇ ಗೊತ್ತಾಗಿತ್ತು.

ಗೊತ್ತಿಲ್ಲ ಎಂದೆ.

ಬಸ್ಸು ಬೀರೂರಿಗೆ ಬರುವ ಹೊತ್ತಿಗೆ ನಾನು ಅಳುತ್ತಿದ್ದೆ. ಸದ್ದಿಲ್ಲದೆ, ಆದರೆ ನಿಲ್ಲಿಸಲಾಗದೆ, ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು. ಎಷ್ಟೋ ಜನ ಹತ್ತಿದರು, ಇಳಿದರು. ಅವಳು ಕಿಟಕಿಯ ಕಡೆ ತಿರುಗಿದ್ದಳೋ ನನ್ನ ಕಡೆ ತಿರುಗಿದ್ದಳೋ ನನಗೆ ಕಾಣಲಿಲ್ಲ. ಕೇಳಲು ಧೈರ್ಯವೂ ಆಗಲಿಲ್ಲ.